ನೀವು ಮೊದಲ ಹತ್ರಿ, ಬೀಗಿತ್ತೇರ

ಹೊರಡುವ ಮೊದಲು

ಮೊದಲೇ ಹೇಳಿಬಿಡುತ್ತೇನೆ, ಬೆಟ್ಟ ಹತ್ತಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಕಲಬುರಗಿಯವರಿಗೆ ಬೆಟ್ಟ ಎಲ್ಲಿಂದ ಬರಬೇಕು? ನಮ್ಮದು ರೊಟ್ಟಿ ತಟ್ಟಿ ಇಟ್ಟ ಹಾಗಿರುವ ಊರು. ಜೇವರ್ಗಿ ಕಾಲೋನಿಯಲ್ಲಿ ಗಣಿತದ ಟ್ಯೂಷನ್ ಹೇಳುವ ನಾನು ಹತ್ತುವ ದೊಡ್ಡ ಎತ್ತರವೆಂದರೆ ಬೇಸಿಗೆಯಲ್ಲಿ ಹಪ್ಪಳ ಒಣಹಾಕಲು ನಮ್ಮ ಮಾಳಿಗೆ. ಅದಕ್ಕೂ ನಡುವೆ ಒಮ್ಮೆ ಕುಳಿತು ಉಸಿರು ತೆಗೆದುಕೊಳ್ಳುತ್ತೇನೆ. ಅಂಥವಳು ಶ್ರೀಲಂಕಾಕ್ಕೆ ಹೋಗಿ, ಗಾಳಿ ಮಂಜಿನಲ್ಲಿ ಶ್ರೀಪಾದ ಬೆಟ್ಟದ ತುದಿ ಮುಟ್ಟಿ, ಅಲ್ಲಿಯ ಗಂಟೆ ಬಾರಿಸಿ ಬಂದೆ ಎಂದರೆ ಅದಕ್ಕೆ ಭಕ್ತಿಯೂ ಕಾರಣವಲ್ಲ, ಉತ್ಸಾಹವೂ ಕಾರಣವಲ್ಲ. ನಮ್ಮ ಬೀಗಿತ್ತಿ ಕಾರಣ.

ಬೀಗಿತ್ತಿ ಮಹಾದೇವಿಯವರು ಕಮಲಾಪುರದವರು, ಕೆಂಪು ಬಾಳೆಯ ತೋಟದವರು. ಅವರ ಒಬ್ಬನೇ ಮಗ ಶರಣುವನ್ನು ನನ್ನ ಮಗಳು ಪದ್ಮಜಾ ಮೆಚ್ಚಿ ಮದುವೆಯಾದಳು. ನಾವು ವೈಷ್ಣವರು, ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಅವರು ಲಿಂಗ ಕಟ್ಟಿಕೊಂಡವರು. ಮದುವೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಜಗಳವಾಡಿದವರು ಒಂದಲ್ಲ ಒಂದು ದಿನ ಮಾತಾದರೂ ಆಡುತ್ತಾರೆ. ನಮ್ಮಿಬ್ಬರ ನಡುವೆ ಇದ್ದದ್ದು ಬರೀ ಮರ್ಯಾದೆ. "ಬರ್ರಿ ಬೀಗಿತ್ತೇರ." "ಕುಂದರ್ರಿ ಬೀಗಿತ್ತೇರ." "ಆರಾಮ ಇದ್ದೀರೇನ್ರಿ?" ಅದರಾಚೆ ಮಾತಿಲ್ಲ. ನಮ್ಮ ಮನೆಗೆ ಅವರು ಯಾವಾಗ ಬಂದರೂ ಅವತ್ತು ಅವರಿಗೆ ಉಪವಾಸ. ಸೋಮವಾರ ಬಂದರೆ ಸೋಮವಾರದ್ದು, ಗುರುವಾರ ಬಂದರೆ ಗುರುವಾರದ್ದು. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಆ ಹಣ್ಣೂ ಅವರೇ ತಂದದ್ದು. ನಾನು ಬೆಳಗಿನಿಂದ ನಿಂತು ಮಾಡಿದ ಹೋಳಿಗೆ ಡಬ್ಬಿಯಲ್ಲೇ ಉಳಿಯುತ್ತಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು.

ಈಗ ಪದ್ಮಜಾಗೆ ಐದು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಒಂದು ದಿನ ಅವಳು ಫೋನಿನಲ್ಲಿ, "ಅಮ್ಮ, ನಾ ಇಲ್ಲೇ ಕಮಲಾಪುರದಾಗ ಇರ್ತೀನಿ. ಬಾಣಂತನ ಇಲ್ಲೇ ಆಗ್ಲಿ," ಎಂದುಬಿಟ್ಟಳು. ಇದು ಅವಳ ಮಾತಲ್ಲ, ಅತ್ತೆ ಆಡಿಸಿದ ಮಾತು ಎಂದು ನಾನು ಲೆಕ್ಕ ಹಾಕಿದೆ. ಗಣಿತದವಳಲ್ಲವೇ, ನನ್ನ ಲೆಕ್ಕ ತಪ್ಪುವುದಿಲ್ಲವೆಂಬ ಸೊಕ್ಕು ಬೇರೆ.

ಅಷ್ಟರಲ್ಲಿ ಅಳಿಯ ಶರಣು ಶ್ರೀಲಂಕಾ ಪ್ರವಾಸದ ಎರಡು ಟಿಕೆಟು ಹಿಡಿದುಕೊಂಡು ಬಂದ. ನಮ್ಮೂರಿನದೇ ಒಂದು ತಂಡ ಹೊರಟಿತ್ತಂತೆ. "ಇಬ್ಬರೂ ಕೂಡಿ ಹೋಗಿ ಬರ್ರಿ, ಅತ್ತಿ," ಎಂದ. ನಾನು ಕೂಡಲೇ ಒಪ್ಪಿಕೊಂಡೆ. ಯಾವುದಾದರೂ ಒಂದು ಊರಿನಲ್ಲಿ, ಒಳ್ಳೆಯ ಗಳಿಗೆ ನೋಡಿ, ಬೀಗಿತ್ತಿಯ ಕೈ ಹಿಡಿದು "ಮಗಳನ್ನ ನಮ್ಮ ಮನಿಗೆ ಕಳಸ್ರಿ" ಎಂದು ಕೇಳಬೇಕು. ಅದೊಂದು ಮಾತಿಗಾಗಿ ನಾನು ವಿಮಾನ ಹತ್ತಿದೆ. "ಕೇಳು, ಆದ್ರ ಟ್ಯೂಷನ್ ಹುಡುಗ್ರಿಗೆ ಕೇಳಿದ್ಹಾಂಗ ಕೇಳಬ್ಯಾಡ," ಎಂದು ನಮ್ಮ ಮನೆಯವರು ಬುದ್ಧಿ ಹೇಳಿ ಕಳಿಸಿದರು.

ಕ್ಯಾಂಡಿಯ ದಾರಿ

ಶ್ರೀಲಂಕಾದಲ್ಲಿ ನನಗೆ ಮೊದಲು ಕಂಡದ್ದು ಹಸಿರಲ್ಲ, ಅದು ಎಲ್ಲರಿಗೂ ಕಾಣುತ್ತದೆ. ನನಗೆ ಕಂಡದ್ದು ಸದ್ದಿಲ್ಲದಿರುವುದು. ಬಸ್ ಸ್ಟ್ಯಾಂಡಿನಲ್ಲೂ ಜನ ಕಿವಿಯಲ್ಲಿ ಹೇಳಿದಂತೆ ಮಾತಾಡುತ್ತಾರೆ. ನಮ್ಮಲ್ಲಿ ರೋಜಾ ದರ್ಗಾದ ಕಡೆ ಉರುಸಿನ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವರನ್ನೂ ಕೂಗಿಯೇ ಕರೆಯಬೇಕು. ಇಲ್ಲಿ ನಾನು ಅಂಗಡಿಯವನಿಗೆ ಸಹಜವಾಗಿ "ನೀರಿನ ಬಾಟ್ಲಿ ಅದ ಏನ್ರಿ?" ಎಂದು ಸನ್ನೆ ಮಾಡಿ ಕೇಳಿದರೆ ಅವನು ಬೆಚ್ಚಿ ಎದ್ದು ನಿಂತ. ಸಿಟ್ಟಾಗಿದ್ದೇನೆ ಎಂದುಕೊಂಡನಂತೆ.

ಹಾಗೆ ಹೇಳಿದವರು ನಮ್ಮ ವ್ಯಾನಿನ ಡ್ರೈವರ್ ಸೆಲ್ವಂ. ಚಹಾ ತೋಟದ ತಮಿಳರ ಮನೆಯವರು, ಕೆಲವು ವರ್ಷ ದುಬೈಯಲ್ಲಿ ಗಾಡಿ ಓಡಿಸಿ ಹಿಂದಿ ಕಲಿತಿದ್ದರು. ಅವರ ದುಬೈ ಹಿಂದಿ, ನಮ್ಮ ಕಲಬುರಗಿ ಉರ್ದು ಎರಡೂ ಸೇರಿ ಮಾತುಕತೆ ಸಲೀಸಾಗಿ ನಡೆಯಿತು.

ಬೀಗಿತ್ತಿಯವರಿಗೆ ಊರೂ ಬೇಡ, ಗುಡಿಯೂ ಬೇಡ. ರಸ್ತೆಬದಿಯಲ್ಲಿ ಬಾಳೆಗೊನೆ ತೂಗಿದ ಅಂಗಡಿ ಕಂಡರೆ ಸಾಕು, ವ್ಯಾನು ನಿಲ್ಲಬೇಕು. ಅಲ್ಲಿಯೂ ಕೆಂಪು ಬಾಳೆ ಇತ್ತು! ಕಮಲಾಪುರ ಬಿಟ್ಟರೆ ಭೂಮಿಯ ಮೇಲೆ ಕೆಂಪು ಬಾಳೆ ಇಲ್ಲವೆಂದು ತಿಳಿದಿದ್ದ ನಾನು ಬಾಯಿ ಬಿಟ್ಟು ನೋಡಿದೆ. ಬೀಗಿತ್ತಿ ಹಣ್ಣನ್ನು ಕೈಯಲ್ಲಿ ಹಿಡಿದು, ತಿರುವಿ, ಮೂಸಿ, ಸಿಪ್ಪೆಯ ದಪ್ಪ ನೋಡಿ, ಕೊನೆಗೆ ಅರ್ಧ ತಿಂದು, "ಛಲೋ ಅದಾವ್ರಿ. ಆದ್ರ ನಮ್ಮ ಹಣ್ಣಿನ ಘಮ ಇಲ್ಲ," ಎಂದು ತೀರ್ಪು ಕೊಟ್ಟರು. ಅವರ ಮುಖದಲ್ಲಿ ಅಷ್ಟೊಂದು ನೆಮ್ಮದಿ ನಾನು ಎಂದೂ ಕಂಡಿರಲಿಲ್ಲ. ಇದೇ ಗಳಿಗೆ ಎಂದುಕೊಂಡು "ಬೀಗಿತ್ತೇರ" ಎಂದೆ. "ಹೇಳ್ರಿ" ಎಂದರು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. "ನೀರು ಕುಡೀತೀರೇನ್ರಿ?" ಎಂದೆ. ನನ್ನ ಬಾಯಿಗೆ ಏನಾಗಿತ್ತೋ ಕಾಣೆ.

ಮರುದಿನ ಶ್ರೀಪಾದಕ್ಕೆ ಯಾರು ಹತ್ತುತ್ತೀರಿ ಎಂದು ಸೆಲ್ವಂ ಕೇಳಿದಾಗ ವ್ಯಾನಿನಲ್ಲಿ ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಸುಮ್ಮನಿರುವುದು ಸರಿಯಲ್ಲವೆಂದು ನಾನು, "ದೇವರ ಪಾದ ಅಂತಾರ, ನೋಡಬೇಕಾದದ್ದೇ," ಎಂದು ಒಂದು ಮಾತು ಅಂದೆ, ಅಷ್ಟೆ. ಬೀಗಿತ್ತಿ ಕೂಡಲೇ, "ನೀವು ಹೋಗೂದಾದ್ರ ನಾನೂ ಬರ್ತೀನ್ರಿ," ಎಂದರು. ಅವರು ಬರುತ್ತೇನೆ ಎಂದ ಮೇಲೆ ನಾನು ಒಲ್ಲೆ ಎನ್ನುವುದು ಹೇಗೆ? ಹೀಗೆ ಕಲಬುರಗಿಯ ತಂಡದಿಂದ ಬೆಟ್ಟಕ್ಕೆ ಹೊರಟವರು ನಾವಿಬ್ಬರೇ. ಉಳಿದವರು ಚಹಾ ಕಾರ್ಖಾನೆ ನೋಡಲು ಹೋದರು. ಜಾಣರು.

ನಲ್ಲತಣ್ಣಿ

ಬೆಟ್ಟದ ಬುಡದ ಊರು ನಲ್ಲತಣ್ಣಿ. ಬೆಳಕು ಹರಿದ ಮೇಲೆ ಹೊರಟೆವು. ಬೀಗಿತ್ತಿ ಇಳಕಲ್ ಸೀರೆಯ ಕೆಳಗೆ ಮಗ ಕೊಡಿಸಿದ ಬಿಳಿ ಸ್ಪೋರ್ಟ್ಸ್ ಶೂ ಹಾಕಿದ್ದರು. ನಾನೂ ಹಾಗೆಯೇ, ನನ್ನವು ಕೆಂಪು. ನಮ್ಮನ್ನು ನೋಡಿ ಚಹಾ ಅಂಗಡಿಯ ಹೆಂಗಸು ಕೈ ಮುಗಿದು, ಕರೀ ಚಹಾದ ಜೊತೆ ಅಂಗೈಯಲ್ಲಿ ಒಂದೊಂದು ಬೆಲ್ಲದ ಚೂರು ಇಟ್ಟಳು. ಬೆಲ್ಲ ಕಚ್ಚುತ್ತ ಚಹಾ ಗುಟುಕರಿಸುವುದು ಅಲ್ಲಿಯ ರೂಢಿ. "ಇದು ಛಲೋ ಅದ ನೋಡ್ರಿ," ಎಂದರು ಬೀಗಿತ್ತಿ.

ಅಲ್ಲಿ ಸೆಲ್ವಂ ನಮಗೆ ಎರಡು ನಿಯಮ ಹೇಳಿದರು. "ಊಪರ್ ಔರ್ ಕಿತನಾ ದೂರ್, ಯೇ ಮತ್ ಪೂಛೋ ಮ್ಯಾಡಮ್. ಥಕ್ ಗಯೇ ಭೀ ಮತ್ ಬೋಲೋ." ಇನ್ನೂ ಎಷ್ಟು ದೂರ ಎಂದು ಕೇಳಬಾರದು, ದಣಿದೆ ಎನ್ನಬಾರದು. ಅಲ್ಲಿಯ ಹಳೆಯ ಯಾತ್ರಿಕರು ಹಾಗೆಯೇ ನಡೆದುಕೊಳ್ಳುತ್ತಾರಂತೆ. ನಾನು ಒಳಗೊಳಗೇ ಬೆವೆತೆ. ನಮ್ಮ ಕಡೆ ಮನೆಯಿಂದ ಹೊರಟ ಕೂಡಲೇ ಕೇಳುವ ಮೊದಲ ಪ್ರಶ್ನೆಯೇ "ಇನ್ನ ಎಷ್ಟು ದೂರ ಅದ್ರಿ?" ಎಂದು. ಅದನ್ನೂ ಕೇಳುವಂತಿಲ್ಲ ಎಂದರೆ ನಡೆಯುವುದು ಹೇಗೆ?

ಪಾದ ಯಾರದು ಎಂಬ ಮಾತೂ ಬಂತು. ಬೌದ್ಧರಿಗೆ ಬುದ್ಧನದು, ಮುಸಲ್ಮಾನರಿಗೆ ಆದಮನದು, ತಮಿಳರಿಗೆ ಶಿವನದು ಎಂದರು ಸೆಲ್ವಂ. "ಶಿವಂದೇ ಇರಬೇಕ್ರಿ," ಎಂದರು ಬೀಗಿತ್ತಿ ಮೆಲ್ಲಗೆ. "ಪಾದ ಅಂದ ಮ್ಯಾಲೆ ವಿಷ್ಣುಪಾದ ಅಲ್ಲೇನ್ರಿ?" ಎಂದೆ ನಾನೂ ಮೆಲ್ಲಗೆ. ಇಬ್ಬರೂ ಮುಗುಳ್ನಕ್ಕೆವು. ಇಬ್ಬರೂ ಬಿಟ್ಟುಕೊಡಲಿಲ್ಲ.

ಸೆಲ್ವಂ ಬುಡದಲ್ಲೇ ಉಳಿದರು. ಮೆಟ್ಟಿಲು ಶುರುವಾಯಿತು. ಶುರುವಾದಲ್ಲೇ ಮೊದಲ ತಕರಾರು. "ನೀವು ಮೊದಲ ಹತ್ರಿ, ಬೀಗಿತ್ತೇರ." "ಇಲ್ರಿ, ನೀವು ದೊಡ್ಡವ್ರು, ನೀವು ಮೊದಲ." "ನೀವು ಗಂಡಿನ ಕಡೆಯವ್ರು." "ಇಲ್ಲೇನ್ ಮದ್ವಿ ನಡದದೇನ್ರಿ!" ಹಿಂದೆ ಬರುತ್ತಿದ್ದ ಒಂದು ಸಿಂಹಳ ಸಂಸಾರ ಸ್ವಲ್ಪ ಹೊತ್ತು ಕಾದು, ನಮ್ಮನ್ನು ಸುತ್ತಿಕೊಂಡು ಮುಂದೆ ಹೋಯಿತು. ಕೊನೆಗೆ ಅಕ್ಕಪಕ್ಕ ಹತ್ತುವುದೆಂದು ತೀರ್ಮಾನವಾಯಿತು.

ರಾತ್ರಿಯೇ ಹತ್ತಿದವರು ಇಳಿದು ಬರುತ್ತಿದ್ದರು. ಬಿಳಿ ಬಟ್ಟೆಯ ಮುದುಕಿಯರು, ಸೊಂಟದ ಮೇಲೆ ಕೂಸು ಹೊತ್ತ ತಾಯಂದಿರು. ಎದುರಾದ ಪ್ರತಿಯೊಬ್ಬರೂ ನಮಗೆ "ಕರುಣಾವೈ" ಎನ್ನುತ್ತಿದ್ದರು. ಹತ್ತುವವರ ಮೇಲೆ ಕರುಣೆ ಇರಲಿ ಎಂಬ ಹಾರೈಕೆ. ಗುರುತಿಲ್ಲ, ಪರಿಚಯವಿಲ್ಲ, ಆದರೂ ನಿಂತು, ಮುಖ ನೋಡಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅದು ತುಂಬಾ ಹಿಡಿಸಿತು. ನಾವೂ ಕಲಿತುಕೊಂಡು ಎಲ್ಲರಿಗೂ ಹೇಳತೊಡಗಿದೆವು. ಒಂದು ನಾಯಿಗೂ ಹೇಳಿದೆ.

ಹತ್ತುತ್ತ ಹತ್ತುತ್ತ ನನ್ನ ಮೊಣಕಾಲು ಬೇರೆ ಯಾರದೋ ಎಂಬಂತಾಯಿತು. ಬೀಗಿತ್ತಿ ಕುಳಿತರೆ ನಾನೂ ಕೂರಬಹುದೆಂದು ಓರೆಗಣ್ಣಿನಲ್ಲಿ ನೋಡಿದರೆ ಅವರು ಹಲ್ಲು ಕಚ್ಚಿ ನಡೆಯುತ್ತಲೇ ಇದ್ದರು. "ಕುಂದರ್ತೀರೇನ್ರಿ?" ಎಂದೆ. "ನಿಮಗ ಬೇಕಿದ್ರ ಕುಂದರೂಣ್ರಿ." "ನನಗೇನಿಲ್ರಿ, ನಿಮಗ ಬೇಕಿದ್ರ." "ನನಗೂ ಏನಿಲ್ಲ." ಹೀಗೆ ಏನೂ ಆಗದ ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಒಂದಾದ ಮೇಲೊಂದು ಚಹಾ ಅಂಗಡಿಯ ಬೆಂಚುಗಳನ್ನು ದಾಟಿದೆವು. ಆ ಬೆಂಚುಗಳ ನೆನಪು ನನಗೆ ಇಂದಿಗೂ ಇದೆ.

ದಾರ ಕಟ್ಟುವ ಜಾಗ

ಮಂಜು ಎಲ್ಲಿಂದ ಬಂತೋ ತಿಳಿಯಲಿಲ್ಲ. ಒಮ್ಮೆ ಬಾಗಿ ಶೂ ಲೇಸು ಕಟ್ಟಿ ಎದ್ದು ನೋಡಿದರೆ ಕಣಿವೆ ಇಲ್ಲ, ಮರವಿಲ್ಲ, ಹತ್ತು ಮೆಟ್ಟಿಲಾಚೆ ದಾರಿಯೂ ಇಲ್ಲ. ಅದರ ಹಿಂದೆಯೇ ಗಾಳಿ. ನನ್ನ ಛತ್ರಿ ಒಂದೇ ಏಟಿಗೆ ಮೇಲ್ಮುಖವಾಗಿ ತಿರುಗಿ ಅಲ್ಲಿಯೇ ಪ್ರಾಣ ಬಿಟ್ಟಿತು.

ಕಡಿದಾದ ಏರು ಶುರುವಾಗುವ ಮುಂಚೆ ಒಂದು ತಂಗುದಾಣವಿದೆ. ಬುದ್ಧ ಅಲ್ಲಿ ಕುಳಿತು ತನ್ನ ಹರಿದ ಬಟ್ಟೆ ಹೊಲಿದುಕೊಂಡನೆಂದು ನಂಬಿಕೆ. ಅದಕ್ಕೇ ಯಾತ್ರಿಕರು ಅಲ್ಲಿ ಬಿಳಿ ದಾರದ ತುದಿ ಕಟ್ಟಿ, ಉಂಡೆ ಬಿಚ್ಚುತ್ತ ಮೇಲೆ ಹೋಗುತ್ತಾರೆ. ಕಂಬಿಗಳ ತುಂಬ ಬಿಳಿ ದಾರ, ನಮ್ಮ ವಟಸಾವಿತ್ರಿಯ ಆಲದ ಮರಕ್ಕೆ ಸುತ್ತಿದ ಹಾಗೆ. ಅಲ್ಲಿ ಕಡೆಗೂ ಕುಳಿತೆವು, ಯಾಕೆಂದರೆ ಅದು ದಣಿವಿಗಾಗಿ ಅಲ್ಲ, ಶಾಸ್ತ್ರಕ್ಕಾಗಿ. ಇಬ್ಬರೂ ಅವರವರ ಡಬ್ಬಿ ತೆಗೆದೆವು. ಇಬ್ಬರದ್ದರಲ್ಲೂ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಕಲಬುರಗಿಯಲ್ಲಿ ತಿಂಗಳಿಟ್ಟರೂ ಹಪ್ಪಳದಂತೆ ಮುರಿಯುವ ರೊಟ್ಟಿ ಆ ಮಂಜಿಗೆ ನೆನೆದ ರಟ್ಟಿನಂತೆ ಜೋತುಬಿದ್ದಿತ್ತು. "ನಮ್ಮ ಬಿಸಲಿಗೂ ಒಂದ್ ಕಿಮ್ಮತ್ತ ಅದ ನೋಡ್ರಿ," ಎಂದರು ಬೀಗಿತ್ತಿ. ನಾನು ನನ್ನ ಡಬ್ಬಿ ಅವರ ಕಡೆ ಸರಿಸಿದೆ. "ನಂದಾತ್ರಿ, ಹೊಟ್ಟಿ ತುಂಬ್ಯದ," ಎಂದರು. ಒಂದು ತುತ್ತೂ ತಿಂದಿರಲಿಲ್ಲ.

ಒಂದು ದಾರದ ಉಂಡೆ ಕೊಂಡು ತುದಿ ಕಟ್ಟಿದೆವು. ಮುಂದಿನ ದಾರಿ ಇಕ್ಕಟ್ಟು, ಅಕ್ಕಪಕ್ಕ ಹತ್ತುವಂತಿರಲಿಲ್ಲ. ದಾರದ ಶಾಸ್ತ್ರದ ನೆಪದಲ್ಲಿ ನಾನೇ ಉಂಡೆ ಹಿಡಿದು ಮುಂದಾದೆ. ಬೀಗಿತ್ತಿ ಬಲಗೈಯಲ್ಲಿ ಕಂಬಿ, ಎಡಗೈ ಬೆರಳಲ್ಲಿ ಆ ದಾರ ಹಿಡಿದು ಹಿಂದೆ. ಮಂಜಿನಲ್ಲಿ ಅವರು ಕಾಣುತ್ತಿರಲಿಲ್ಲ, ಆದರೆ ದಾರ ಆಗಾಗ ಜಗ್ಗುತ್ತಿತ್ತು. ಬರುತ್ತಿದ್ದಾರೆ ಎಂದು ಧೈರ್ಯ. ನಾನು ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ಹತ್ತುತ್ತಿದ್ದೆ. ತುದಿಯಲ್ಲಿ, ದೇವರ ಎದುರಿಗೆ ಕೇಳಿದರೆ ಇಲ್ಲ ಎನ್ನಲಾರರು ಎಂದು ನನ್ನ ಉಪಾಯ.

ಎಷ್ಟೋ ಹೊತ್ತಾದ ಮೇಲೆ ಗಮನಿಸಿದೆ, ದಾರ ಜಗ್ಗುತ್ತಿಲ್ಲ. ಮೆಲ್ಲಗೆ ಎಳೆದೆ. ಸರ್ರನೆ ಸಡಿಲಾಗಿ ಕೈಗೆ ಬಂತು.

"ಬೀಗಿತ್ತೇರ!" ಎಂದು ಕೂಗಿದೆ. ಗಾಳಿ ಆ ಕೂಗನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ಹತ್ತಿದ ಮೆಟ್ಟಿಲನ್ನೇ ಇಳಿದೆ. ಮೊಣಕಾಲು ನೆನಪಿಗೇ ಬರಲಿಲ್ಲ. "ಮಹಾದೇವಿ! ಏ ಮಹಾದೇವೀ!" ಮರ್ಯಾದೆ ಎಲ್ಲಿ ಹಾರಿ ಹೋಯಿತೋ. ಇವರಿಗೇನಾದರೂ ಆದರೆ ಪದ್ಮಜಾಗೆ ಯಾವ ಬಾಯಲ್ಲಿ ಹೇಳಲಿ?

ಒಂದು ತಿರುವಿನಲ್ಲಿ, ಕಂಬಿಗೆ ಒರಗಿ, ಸೆರಗು ತಲೆಗೆ ಬಿಗಿದುಕೊಂಡು ಕುಳಿತಿದ್ದರು. ತುಂಡಾದ ದಾರದ ತುದಿ ಇನ್ನೂ ಬೆರಳಲ್ಲೇ ಇತ್ತು. ನನ್ನನ್ನು ಕಂಡವರೇ, "ನನ್ನ ಕೈಲೆ ಆಗೂದಿಲ್ರಿ," ಎಂದು ಅಳತೊಡಗಿದರು. "ಕಾಲು ನಡಗಾಕತ್ತಾವ. ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ. ನಿಮಗ ಪಾದದ ದರ್ಶನ ಆಗ್ಲಿ ಅಂತ ಬಂದೀನ್ರಿ ನಾ."

"ನನಗ? ಅಯ್ಯ ದೇವರ! ನಾ ನಿಮಗೋಸ್ಕರ ಬಂದೀನಿ! ನನಗ ಬುಡದಾಗೇ ಸಾಕಾಗಿತ್ತು!"

ಅವರು ಅಳು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ನಗು ಬಂತು, ಮೊದಲು ಅವರಿಗೆ, ನಂತರ ನನಗೆ. ಇಳಿದು ಬರುತ್ತಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ "ಕರುಣಾವೈ" ಎಂದು ಎರಡು ಸಲ ಹೇಳಿ ಹೋದ.

ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕುಳಿತೆ. ನಗು ಮುಗಿದ ಮೇಲೆ ಬೀಗಿತ್ತಿ ನನ್ನ ಮುಖ ನೋಡದೆ ಹೇಳಿದರು: "ನಿಮಗೊಂದು ಮಾತು ಕೇಳಬೇಕಂತೇ ಈ ಊರಿಗೆ ಬಂದೀನ್ರಿ. ಬಂದಾಗಿನಿಂದ ಬಾಯಿ ಬರವಲ್ದು. ಪದ್ಮಜಾನ್ನ ನೀವು ಕರ್ಕೊಂಡ್ ಹೋಗ್ರಿ."

ನನ್ನ ಕಿವಿ ಸರಿಯಾಗಿದೆಯೇ ಎಂಬ ಅನುಮಾನ ಬಂತು.

"ಸಿಟ್ಟಾಗಬ್ಯಾಡ್ರಿ. ಸೊಸಿನ ಹೊರಗ ಹಾಕಾಕತ್ತಾಳ ಅನಬ್ಯಾಡ್ರಿ. ನನಗ ಒಬ್ಬನ ಮಗ, ಅವನ ಬಾಣಂತನ ನಮ್ಮವ್ವ ಮಾಡಿದ್ಳು. ಕೂಸಿಗೆ ನೀರು ಎರಿಯಾಕ ಸುದ್ದಾ ನನಗ ಬರೂದಿಲ್ಲ. ಮೊನ್ನಿ ಬಾಜೂಕಿನವ್ರ ಕೂಸು ಎತಗೊಂಡ್ರ ಕೈ ನಡಗಿದ್ವು. ನಿಮ್ಮ ಮಗಳಿಗೆ ಏನರ ಹೆಚ್ಚುಕಮ್ಮಿ ಆದ್ರ ನಿಮಗ ಹ್ಯಾಂಗ ಮಾರಿ ತೋರಿಸ್ಲಿ? ಆದ್ರ ಆ ಹುಡುಗಿ 'ಅತ್ತಿ, ನಾ ಇಲ್ಲೇ ಇರ್ತೀನಿ' ಅಂತಾಳ. ಬ್ಯಾಡ ಅನ್ನಾಕ ಆಗ್ತದೇನ್ರಿ?"

"ಆಕಿಗ್ಯಾಕ ಅಂಥಾ ಬುದ್ಧಿ ಬಂತು?"

"ನಿಮ್ಮ ಬೆನ್ನು ನೋಯ್ತದಂತಲ್ರಿ. ಅಮ್ಮಗ ತ್ರಾಸ ಕೊಡಬಾರದು ಅಂತಾಳ."

"ನನ್ನ ಬೆನ್ನಿಗೆ ಏನಾಗೇದ ಧಾಡಿ!" ಎಂದು ಎದ್ದು ನಿಂತೆ. ಬೆನ್ನು ಚಳಕ್ಕೆಂದಿತು, ತೋರಿಸಿಕೊಳ್ಳಲಿಲ್ಲ. ಟ್ಯೂಷನ್ ಮುಗಿಸಿ ದಿನಾ ಸಂಜೆ ಫೋನಿನಲ್ಲಿ "ಬೆನ್ನು ಹೋತು, ಬೆನ್ನು ಹೋತು" ಎಂದು ನಾನು ಗೊಣಗಿದ್ದನ್ನೆಲ್ಲ ಆ ಹುಡುಗಿ ಕೂಡಿಟ್ಟುಕೊಂಡಿದ್ದಾಳೆ. ಅಮ್ಮನಿಗೆ ತ್ರಾಸವಾಗಬಾರದೆಂದು ಮಗಳು, ಸೊಸೆಗೆ ಬೇಸರವಾಗಬಾರದೆಂದು ಅತ್ತೆ, ಬೀಗಿತ್ತಿಗೆ ಬೇಸರವಾಗಬಾರದೆಂದು ನಾನು. ಯಾರಿಗೂ ಬೇಡದ ಬೆಟ್ಟವನ್ನು ಎಲ್ಲರೂ ಹತ್ತುತ್ತಿದ್ದೆವು.

ನನ್ನ ಕಣ್ಣೂ ತುಂಬಿತ್ತು. ಗಾಳಿಗೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. "ನಾನೂ ಅದನ್ನ ಕೇಳ್ಲಿಕ್ಕೇ ಬಂದೀನಿ," ಎಂದು ಅವರ ಕೈ ಹಿಡಿದುಕೊಂಡೆ. ಆ ಕೈ ಮಂಜುಗಡ್ಡೆಯಾಗಿತ್ತು. "ಒಂದು ಕರಾರು ಅದ. ಕೂಸಿಗೆ ಎರಿಯೂದು ನಾ ಕಲಸ್ತೀನಿ, ನೀವೂ ಜೋಡಿ ಬರಬೇಕು."

"ನನಗ ಬರ್ತದೇನ್ರಿ?"

"ಗಣಿತ ಬರ್ದವ್ರಿಗೆ ಗಣಿತ ಕಲ್ಸೀನಿ. ಇದೇನು ದೊಡ್ಡದು."

ತುದಿ

ಇಳಿಯಬಹುದಿತ್ತು. ಈಗ ಯಾರಿಗೂ ಯಾರ ಮುಲಾಜೂ ಇರಲಿಲ್ಲ. "ಏನ್ ಮಾಡೂಣ್ರಿ?" ಎಂದೆ. ಬೀಗಿತ್ತಿ ಸೆರಗು ಬಿಗಿದು, "ಇಷ್ಟು ಬಂದೀವಿ, ಹೋಗೇ ಬಿಡೂಣ. ಆದ್ರ ಕುಂದ್ರಕೋತ ಹೋಗೂಣ್ರಿ," ಎಂದರು. ಕುಂದ್ರಕೋತ ಹೋದೆವು. ಪ್ರತಿ ತಿರುವಿನಲ್ಲೂ ಕುಳಿತೆವು, ಪ್ರತಿ ತಿರುವಿನಲ್ಲೂ "ಅಯ್ಯೋ ಯಪ್ಪಾ, ದಣಿದೆ" ಎಂದು ಬಾಯಿ ತುಂಬ ಹೇಳಿದೆವು. ನಿಯಮ ಮುರಿದದ್ದಕ್ಕೆ ದೇವರು ಕ್ಷಮಿಸಿರಬೇಕು, ಕನ್ನಡ ಅವನಿಗೆ ಅಲ್ಲಿ ಎಲ್ಲಿ ಕೇಳಲು ಸಿಗುತ್ತದೆ.

ತುದಿಯಲ್ಲಿ ಶೂ ಬಿಚ್ಚಬೇಕು. ನೆಲ ಕಾಲಿಗೆ ಕೊರೆಯುತ್ತಿತ್ತು. ಸುತ್ತ ನೋಡಲು ಏನೂ ಇಲ್ಲ, ಬರೀ ಬಿಳಿ. ದೇಶವೆಲ್ಲ ಕಾಣುತ್ತದೆಂದು ಹೇಳಿದ್ದರು, ನಮಗೆ ನಮ್ಮ ಸೀರೆಯ ಅಂಚೂ ಸರಿಯಾಗಿ ಕಾಣಲಿಲ್ಲ. ಗಾಳಿಗೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಿಂತೆವು. ಪಾದದ ಗುರುತೂ ಬಟ್ಟೆಯ ಕೆಳಗೆ. ಹಣೆ ಹಚ್ಚಿ ಕೈ ಮುಗಿದೆವು. "ವಿಷ್ಣುಂದೇನ್ರಿ, ಶಿವಂದೇನ್ರಿ?" ಎಂದೆ. "ಯಾರದರೆ ಇರ್ಲಿ, ಹತ್ತಿದ ಕಾಲು ನಮ್ಮವು," ಎಂದರು ಬೀಗಿತ್ತಿ.

ಅಲ್ಲೊಂದು ಗಂಟೆಯಿದೆ. ಎಷ್ಟು ಸಲ ಬೆಟ್ಟ ಹತ್ತಿದ್ದೀರೋ ಅಷ್ಟು ಸಲ ಬಾರಿಸಬೇಕು. ಮೊದಲ ಸಲದವರಿಗೆ ಒಂದೇ.

"ನೀವು ಮೊದಲ ಬಾರಸ್ರಿ, ಬೀಗಿತ್ತೇರ."

"ಇಲ್ರಿ, ನೀವು ಮೊದಲ."

ಹಿಂದೆ ಸಾಲು ಬೆಳೆಯುತ್ತಿತ್ತು. ಚಳಿಗೆ ಜನ ಕಾಲು ಕುಟ್ಟುತ್ತಿದ್ದರು. ಕೊನೆಗೆ ಬೀಗಿತ್ತಿ ನನ್ನ ಕೈಯನ್ನು ಹಗ್ಗದ ಮೇಲಿಟ್ಟು ಅದರ ಮೇಲೆ ತಮ್ಮ ಕೈಯಿಟ್ಟು ಜಗ್ಗಿದರು. ಇಬ್ಬರದೂ ಸೇರಿ ಒಂದೇ ಸದ್ದು ಬಂತು. ಲೆಕ್ಕದ ಪ್ರಕಾರ ನಮ್ಮಲ್ಲೊಬ್ಬರದು ಇನ್ನೂ ಬಾಕಿ ಇದೆ. ಇರಲಿ.

ಜೇವರ್ಗಿ ಕಾಲೋನಿ

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ, ಮೇಲಿಂದ ಏನು ಕಾಣಿಸಿತು ಎಂದು. ಮಂಜು ಎಂದೆ. ಅಷ್ಟು ಹತ್ತಿ ಬರೀ ಮಂಜೇ ಎಂದು ಟ್ಯೂಷನ್ ಹುಡುಗರು ಮರುಕಪಟ್ಟರು. ಪದ್ಮಜಾಗೆ ಫೋನಿನಲ್ಲಿ ಸರಿಯಾಗಿ ಬೈದೆ, ನನ್ನ ಬೆನ್ನಿನ ಉಸಾಬರಿ ಅವಳಿಗೆ ಬೇಡವೆಂದು. ಅವಳು ಆಚೆಯಿಂದ ಅಳುತ್ತ ನಗುತ್ತಿದ್ದಳು.

ಏಳನೇ ತಿಂಗಳಲ್ಲಿ ಪದ್ಮಜಾಳ ಕುಬಸ, ಅಂದರೆ ಸೀಮಂತ, ಮುಗಿದ ಮರುದಿನ ಮಧ್ಯಾಹ್ನ ಶರಣುವಿನ ಜೀಪು ನಮ್ಮ ಮನೆಯ ಮುಂದೆ ನಿಂತಿತು. ಹೊರಗೆ ನಮ್ಮ ಕಲಬುರಗಿಯ ಬಿಸಿಲು, ರಸ್ತೆಯೇ ಹೆಂಚಿನಂತೆ ಕಾದಿತ್ತು. ಪದ್ಮಜಾ ಹೊಟ್ಟೆ ಹಿಡಿದು ಮೆಲ್ಲಗೆ ಇಳಿದಳು. ಅವಳ ಹಿಂದೆ ಬೀಗಿತ್ತಿ, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಕೆಂಪು ಬಾಳೆಯ ಚಿಪ್ಪು, ಕಾಲಿಗೆ ಅದೇ ಬಿಳಿ ಶೂ.

ಅಡುಗೆಯಾಗಿತ್ತು. ಹೋಳಿಗೆಯೂ ಇತ್ತು. ಆದರೆ ರೂಢಿ ಬಿಡುತ್ತದೆಯೇ? ಹಾಲಿನ ಲೋಟ ಕೈಗೆತ್ತಿಕೊಂಡು, "ಹಾಲು ಕಾಸ್ಲೇನ್ರಿ, ಬೀಗಿತ್ತೇರ?" ಎಂದೆ.

ಅವರು ಕಾಲು ತೊಳೆದು ಒಳಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರು. "ನಿಮ್ಮ ಮನ್ಯಾಗ ಹ್ಯಾಂಗ ಕುಂದರಬೇಕೋ, ಹ್ಯಾಂಗ ಉಣಬೇಕೋ, ಏನರ ತಪ್ಪಾದೀತು ಅಂತ ಅಂಜತಿದ್ದೆ ನೋಡ್ರಿ," ಎಂದರು. ಆಮೇಲೆ ನೆಲದ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡು ಹೇಳಿದರು:

"ತಾಟ ಹಚ್ರಿ. ಇವತ್ತ ಉಪವಾಸ ಇಲ್ಲ ನಂದು."